ಸೇಲಂ ಮಾಟಗಾತಿ ಮ್ಯೂಸಿಯಂಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವಾಗ ಏನು ಗಮನಿಸಬೇಕು?

ಅಕ್ಟೋಬರ್ ಬಿಟ್ಟು ಹೋಗಿ. ಆಗ ಹ್ಯಾಲೋವೀನ್ ಜನಜಾತ್ರೆ. (ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು.) ಹಳೆಯ ವಸ್ತುಗಳ ಸಂಗ್ರಹ ನಿರೀಕ್ಷಿಸಿದರೆ ನಿರಾಸೆಯೇ: ಕತ್ತಲ ಹಾಲ್‌ನಲ್ಲಿ ಕೂರಿಸಿ, ಆಳೆತ್ತರದ ಬೊಂಬೆಗಳ 13 ದೃಶ್ಯಗಳಿಗೆ ಒಂದೊಂದಾಗಿ ಬೆಳಕು ಬಿಟ್ಟು ಕಥೆ ಹೇಳುತ್ತಾರೆ. ಪುಟ್ಟ ಮಕ್ಕಳು ಹೆದರಬಹುದು.

ಹೊರಡುವ ಮೊದಲೇ ಒಂದು ತಪ್ಪು ತಿದ್ದಿ: 1692ರಲ್ಲಿ ಮಾಟ ಮಾಡಿದರೆಂದು ಹಲವರ ಮೇಲೆ ಆರೋಪ ಹೊರಿಸಿ ವಿಚಾರಣೆ ನಡೆಸಿದಾಗ ಅಲ್ಲಿ ಯಾರನ್ನೂ ಸುಡಲಿಲ್ಲ. 19 ಮಂದಿಯನ್ನು ನೇಣಿಗೇರಿಸಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿಯ ಮೈಮೇಲೆ ಕಲ್ಲು ಹೇರಿ ಕೊಂದರು. ತಪ್ಪೊಪ್ಪಿಕೊಂಡು ಆ ಮಾತಿಗೇ ಅಂಟಿಕೊಂಡವರು ಗಲ್ಲಿನಿಂದ ಪಾರಾದರು. ಏಕೆ? ತರಗತಿಯಲ್ಲಿ ಚರ್ಚಿಸಬೇಕಾದದ್ದು ಇದನ್ನೇ.

ಕೊನೆಗೆ ಚಾರ್ಟರ್ ಸ್ಟ್ರೀಟ್ ಸ್ಮಶಾನದ ಪಕ್ಕದಲ್ಲಿರುವ, ಹೀಗೆ ಸತ್ತ 20 ಮಂದಿಯ ಸ್ಮಾರಕಕ್ಕೆ ನಡೆಯಿರಿ. ಗೋಡೆಯಿಂದ ಚಾಚಿದ 20 ಕಲ್ಲುಬೆಂಚು, ಒಂದೊಂದರಲ್ಲೂ ಹೆಸರು, ಸತ್ತ ದಿನ. ಹೊಸ್ತಿಲ ಕಲ್ಲಿನಲ್ಲಿ ಕೊರೆದ ‘ನಾನು ನಿರಪರಾಧಿ’ ಎಂಬಂಥ ಅವರ ಮಾತುಗಳು ಗೋಡೆಯಡಿ ಅರ್ಧಕ್ಕೇ ತುಂಡಾಗಿವೆ; ಬೇಕೆಂದೇ ಹಾಗೆ ಮಾಡಿದ್ದು.