ಓದುಗರ ಪ್ರಶ್ನೆಗಳು: ಯಂತ್ರದೊಳಗಿನ ನರಜಾಲ

ಕೃತಕ ಬುದ್ಧಿಮತ್ತೆಯ ಕುರಿತು ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ನರಜಾಲದ, ಅಂದರೆ ‘ನ್ಯೂರಲ್ ನೆಟ್‌ವರ್ಕ್’ನ ಸುತ್ತಲೇ ಇರುವುದರಿಂದ ಈ ಬಾರಿ ಅವುಗಳಿಗಷ್ಟೇ ಉತ್ತರಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಆದರೂ ‘ನ್ಯೂರಲ್ ನೆಟ್‌ವರ್ಕ್’ ಎಂಬುದು ಮಿದುಳಿನ ನಕಲು ಎಂದು ಮತ್ತೆ ಮತ್ತೆ ಓದುತ್ತೇನೆ. ಇದರಲ್ಲಿ ನಿಜವೆಷ್ಟು?

ಉತ್ತರ: ನಕಲು ಎನ್ನುವುದಕ್ಕಿಂತ ಎರವಲು ಎನ್ನುವುದು ಸರಿಯಾದೀತು. 1943ರಲ್ಲಿ ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬ ಇಬ್ಬರು ನರಕೋಶದ ಒಂದೇ ಒಂದು ಗುಣವನ್ನು ಎತ್ತಿಕೊಂಡು ಅದನ್ನು ತರ್ಕದ ಭಾಷೆಯಲ್ಲಿ ಬರೆದರು. ಹಲವು ಕಡೆಗಳಿಂದ ಬರುವ ಸಂಕೇತಗಳು ಒಟ್ಟುಗೂಡಿ ಒಂದು ಮಿತಿಯನ್ನು ಮುಟ್ಟಿದರೆ ಕೋಶ ಮಿಡಿಯುತ್ತದೆ, ಮುಟ್ಟದಿದ್ದರೆ ಸುಮ್ಮನಿರುತ್ತದೆ ಎಂಬುದಷ್ಟೇ ಆ ಗುಣ. ನರಕೋಶದ ರಸಾಯನ, ಅದರ ಆಕಾರ, ದಣಿವು, ಮಿಡಿತದ ಲಯ ಎಲ್ಲವನ್ನೂ ಅವರು ತಿಳಿದೇ ಬದಿಗಿಟ್ಟರು. ಇಂದಿನ ದೈತ್ಯ ನರಜಾಲಗಳಲ್ಲಿ ಇರುವುದೂ ಇದೇ ಕೂಡುವ ಗುಣಿಸುವ ಕೋಶದ ಸಂತತಿ.

ನಿಜವಾದ ನರವನ್ನು ಗಣಿತದಲ್ಲಿ ಹಿಡಿಯುವ ಕೆಲಸ ಬೇರೆಯೇ ದಾರಿಯಲ್ಲಿ ನಡೆಯಿತು. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ನರತಂತುವಿನಲ್ಲಿ ವಿದ್ಯುತ್ ಮಿಡಿತ ಹೇಗೆ ಹುಟ್ಟಿ ಸಾಗುತ್ತದೆ ಎಂಬುದನ್ನು ಅಳೆದು, 1952ರಲ್ಲಿ ಅದಕ್ಕೆ ಸಮೀಕರಣಗಳನ್ನು ಕೊಟ್ಟರು. 1963ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಇವರಿಬ್ಬರೂ ಇದ್ದರು. ಮಿದುಳಿನ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಅನುಕರಿಸಿ ನಡೆಸುವುದು) ಎಂಬ ಹೆಸರಿಗೆ ತಕ್ಕುದು ಈ ಎರಡನೆಯ ದಾರಿ. ಅಲ್ಲಿ ಪ್ರಶ್ನೆ ‘ಜೀವಿಯಲ್ಲಿ ಏನು ನಡೆಯುತ್ತದೆ’ ಎಂಬುದು. ನರಜಾಲದಲ್ಲಿ ಪ್ರಶ್ನೆ ‘ಕೆಲಸ ಆಗುತ್ತದೆಯೇ’ ಎಂಬುದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಲೇಖನಗಳನ್ನು ಓದುವಾಗ ದಯವಿಟ್ಟು ಒಂದು ಕ್ಷಣ ನಿಂತು, ಯಾವುದರ ಮಾತು ನಡೆದಿದೆ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಯಾರೂ ನಿಯಮಗಳನ್ನು ಬರೆದುಕೊಡದಿದ್ದರೂ ಯಂತ್ರ ತಾನಾಗಿ ಕಲಿಯುತ್ತದೆ ಎನ್ನುತ್ತಾರೆ. ಕಲಿಯುವುದು ಎಂದರೆ ಅಲ್ಲಿ ನಿಜಕ್ಕೂ ಬದಲಾಗುವುದು ಏನು?

ಉತ್ತರ: ಬದಲಾಗುವುದು ಕೆಲವು ಸಂಖ್ಯೆಗಳು, ಬೇರೇನೂ ಅಲ್ಲ. ಅವುಗಳನ್ನು ‘ತೂಕ’ ಎಂದು ಕರೆಯುತ್ತಾರೆ. ಕಾಗದ ಪೆನ್ಸಿಲು ಹಿಡಿದು ಒಮ್ಮೆ ನೀವೇ ಮಾಡಿ ನೋಡಿದರೆ ಇದರ ಸುತ್ತಲಿನ ಮಂಜು ಕರಗುತ್ತದೆ, ಹಾಗಾಗಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸುತ್ತೇನೆ.

ಬರುವ ಇಮೇಲ್‌ಗಳಲ್ಲಿ ಕಸ ಯಾವುದು ಎಂದು ಹೇಳುವ ಒಂದೇ ಒಂದು ಕೋಶ ನಮ್ಮ ಬಳಿ ಇದೆ ಎಂದುಕೊಳ್ಳಿ. ಅದು ಎರಡು ಸಂಗತಿಗಳನ್ನು ಮಾತ್ರ ನೋಡುತ್ತದೆ: ಕಳುಹಿಸಿದವರು ಅಪರಿಚಿತರೇ, ಪತ್ರದಲ್ಲಿ ‘ಬಹುಮಾನ’ ಎಂಬ ಪದ ಇದೆಯೇ. ಹೌದಾದರೆ 1, ಅಲ್ಲವಾದರೆ 0. ಆರಂಭದಲ್ಲಿ ಮೊದಲನೆಯ ಸಂಗತಿಯ ತೂಕ 1, ಎರಡನೆಯದರ ತೂಕ 0 ಎಂದು ಸುಮ್ಮನೆ ಇಟ್ಟುಕೊಳ್ಳೋಣ. 1 ಆಗಿರುವ ಸಂಗತಿಗಳ ತೂಕಗಳನ್ನು ಕೂಡಿದ ಮೊತ್ತ 1.5 ಅಥವಾ ಅದಕ್ಕಿಂತ ಹೆಚ್ಚಾದರೆ ಕೋಶ ‘ಕಸ’ ಎನ್ನುತ್ತದೆ. ಈಗ ಅಪರಿಚಿತರಿಂದ ಬಹುಮಾನದ ಆಸೆ ತೋರಿಸುವ ಪತ್ರವೊಂದು ಬಂತು. ಮೊತ್ತ 1 ಆಗುವುದರಿಂದ ಕೋಶ ಅದನ್ನು ಒಳ್ಳೆಯ ಪತ್ರ ಎಂದಿತು, ತಪ್ಪಾಯಿತು. ತಪ್ಪಿದ್ದರಿಂದ, ಆಗ 1 ಆಗಿದ್ದ ಎರಡೂ ಸಂಗತಿಗಳ ತೂಕಕ್ಕೆ 0.5 ಸೇರಿಸುತ್ತೇವೆ, ತೂಕಗಳು 1.5 ಮತ್ತು 0.5 ಆಗುತ್ತವೆ. ಮುಂದಿನದು ಹಳೆಯ ಗೆಳೆಯರೊಬ್ಬರು ಹೊಸ ವಿಳಾಸದಿಂದ ಬರೆದದ್ದು. ವಿಳಾಸ ಅಪರಿಚಿತ, ಬಹುಮಾನದ ಮಾತಿಲ್ಲ, ಮೊತ್ತ 1.5 ಆಗಿ ಕೋಶ ಅದನ್ನು ಕಸ ಎಂದಿತು. ಮತ್ತೆ ತಪ್ಪು, ಈ ಬಾರಿ ವಿರುದ್ಧ ದಿಕ್ಕಿನಲ್ಲಿ. ಆಗ 1 ಆಗಿದ್ದ ಮೊದಲನೆಯ ತೂಕದಿಂದ 0.5 ಕಳೆದರೆ ಅದು 1ಕ್ಕೆ ಇಳಿಯುತ್ತದೆ. ಈಗ ಮರಳಿ ಪರೀಕ್ಷಿಸಿ: ಎರಡೂ ಸಂಗತಿಗಳಿರುವ ಪತ್ರಕ್ಕೆ 1.5, ಗೆಳೆಯರ ಪತ್ರಕ್ಕೆ 1, ಪರಿಚಿತರು ಬಹುಮಾನ ಬಂದ ಸಂತೋಷವನ್ನು ಹಂಚಿಕೊಂಡ ಪತ್ರಕ್ಕೆ 0.5. ಮೂರೂ ಸರಿಯಾದ ಜಾಗಕ್ಕೆ ಬಿದ್ದವು.

‘ಎರಡೂ ಒಟ್ಟಿಗೆ ಇದ್ದರೆ ಮಾತ್ರ ಕಸ’ ಎಂಬ ನಿಯಮವನ್ನು ನಾವು ಎಲ್ಲಿಯೂ ಬರೆಯಲಿಲ್ಲ. ತಪ್ಪನ್ನು ಎರಡು ಸಲ ತೋರಿಸಿಕೊಟ್ಟೆವು, ಅಷ್ಟೇ. ಆ ನಿಯಮ 1 ಮತ್ತು 0.5 ಎಂಬ ಸಂಖ್ಯೆಗಳಲ್ಲಿ ತಾನೇ ಬಂದು ಕುಳಿತಿತು. ನನಗೆ ಈ ವಿಷಯದಲ್ಲಿ ಇಂದಿಗೂ ಬೆರಗು ಹುಟ್ಟಿಸುವುದು ಇದೇ. ಫ್ರಾಂಕ್ ರೋಸೆನ್‌ಬ್ಲಾಟ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ‘ಪರ್ಸೆಪ್ಟ್ರಾನ್’ ಕಲಿತದ್ದೂ ಬಹುಪಾಲು ಹೀಗೆಯೇ. ಅವರ ಯಂತ್ರಕ್ಕೆ ಕಣ್ಣಾಗಿ 400 ಬೆಳಕಿನ ಕೋಶಗಳಿದ್ದವು; ತೂಕಗಳು ತಿರುಗಿಸುವ ಗುಂಡಿಗಳ ರೂಪದಲ್ಲಿದ್ದು, ಕಲಿಯುವಾಗ ಪುಟ್ಟ ಮೋಟಾರುಗಳು ಅವುಗಳನ್ನು ತಿರುಗಿಸುತ್ತಿದ್ದವು.

ಪ್ರಶ್ನೆ: ಅಷ್ಟು ಹಿಂದೆಯೇ ಕಲಿಯುವ ಯಂತ್ರ ಇತ್ತು ಎಂದಾದರೆ ನಡುವೆ ಇಷ್ಟು ದಶಕಗಳು ಏಕೆ ಬೇಕಾದವು?

ಉತ್ತರ: ಸಂಕೇತಗಳನ್ನು ನೇರವಾಗಿ ಪಡೆದು ನೇರವಾಗಿ ಉತ್ತರ ಕೊಡುವ ಒಂಟಿ ಪದರದ ಕೋಶಗಳಿಗೆ ಮಾಡಲು ಬಾರದ ಸರಳ ಕೆಲಸಗಳಿವೆ. ಮೆಟ್ಟಿಲಿನ ದೀಪವನ್ನೇ ನೋಡಿ: ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ಯಾವುದಾದರೂ ಒಂದನ್ನು ಒತ್ತಿದ್ದರೆ ದೀಪ ಉರಿಯುತ್ತದೆ, ಎರಡನ್ನೂ ಒತ್ತಿದ್ದರೆ ಆರುತ್ತದೆ, ಎರಡನ್ನೂ ಒತ್ತದಿದ್ದರೂ ಆರಿರುತ್ತದೆ. ಎರಡೂ 0 ಇರುವಾಗ ದೀಪ ಆರಿರಬೇಕಾದ್ದರಿಂದ ಮಿತಿ ಸೊನ್ನೆಗಿಂತ ಹೆಚ್ಚಿರಲೇಬೇಕು. ಒಂದೊಂದೇ ಸ್ವಿಚ್ಚಿಗೂ ದೀಪ ಉರಿಯಬೇಕಾದ್ದರಿಂದ ಪ್ರತಿ ತೂಕವೂ ಆ ಮಿತಿಯನ್ನು ಮುಟ್ಟಬೇಕು. ಹಾಗಾದರೆ ಎರಡೂ ಸೇರಿದಾಗ ಮೊತ್ತ ಮಿತಿಯ ಇಮ್ಮಡಿಯಾದರೂ ಆಗುತ್ತದೆ. ದೀಪ ಆರುವುದೇ ಇಲ್ಲ. ಎಷ್ಟು ತರಬೇತಿ ಕೊಟ್ಟರೂ ಇದು ಬದಲಾಗದು. ಮಾರ್ವಿನ್ ಮಿನ್‌ಸ್ಕಿ ಮತ್ತು ಸೀಮೋರ್ ಪ್ಯಾಪರ್ಟ್ 1969ರಲ್ಲಿ ಇಂತಹ ಇತಿಮಿತಿಗಳನ್ನು ಗಣಿತದಿಂದ ಸಾಧಿಸಿ ತೋರಿಸಿದ ಮೇಲೆ ಈ ಕ್ಷೇತ್ರದ ಉತ್ಸಾಹವೂ ಹಣವೂ ಕುಗ್ಗಿದವು.

ಪರಿಹಾರ ನಡುವೆ ಇನ್ನೊಂದು ಪದರ ಇಡುವುದು. ಒಂದು ಕೋಶ ‘ಒಂದಾದರೂ ಸ್ವಿಚ್ ಒತ್ತಿದೆಯೇ’ ಎಂದು ನೋಡಲಿ, ಇನ್ನೊಂದು ‘ಎರಡೂ ಒತ್ತಿವೆಯೇ’ ಎಂದು ನೋಡಲಿ. ಮೂರನೆಯದು ಮೊದಲಿನದರ ಮಾತನ್ನು ಕೂಡಿ ಎರಡನೆಯದರ ಮಾತನ್ನು ಕಳೆದರೆ ಮೆಟ್ಟಿಲ ದೀಪ ಸಿದ್ಧ. ಹೀಗೆ ಕೈಯಿಂದ ಜೋಡಿಸಬಹುದು ಎಂಬುದು ಮೊದಲಿನಿಂದಲೂ ಗೊತ್ತಿತ್ತು. ಕಷ್ಟವಿದ್ದದ್ದು, ಕೊನೆಯಲ್ಲಿ ತಪ್ಪು ಕಂಡಾಗ ನಡುವಿನ ಯಾವ ಕೋಶ ಎಷ್ಟರಮಟ್ಟಿಗೆ ಕಾರಣ ಎಂದು ಪಾಲು ಹಂಚುವುದರಲ್ಲಿ. ತಪ್ಪನ್ನು ಕೊನೆಯ ಪದರದಿಂದ ಹಿಂದಕ್ಕೆ, ಪದರ ಪದರವಾಗಿ ಹಂಚುತ್ತಾ ಬರುವ ‘ಬ್ಯಾಕ್‌ಪ್ರಾಪಗೇಶನ್’ ವಿಧಾನವನ್ನು ಡೇವಿಡ್ ರುಮೆಲ್‌ಹಾರ್ಟ್, ಜೆಫ್ರಿ ಹಿಂಟನ್ ಮತ್ತು ರೊನಾಲ್ಡ್ ವಿಲಿಯಮ್ಸ್ 1986ರ ಪ್ರಬಂಧದಲ್ಲಿ ಮನವರಿಕೆಯಾಗುವಂತೆ ಮಂಡಿಸಿದರು. ಅದರ ಬೇರುಗಳು ಇನ್ನೂ ಹಿಂದಿನವು. ಆಮೇಲೆ ಬೇಕಾದದ್ದು ದತ್ತಾಂಶ ಮತ್ತು ವೇಗ. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಬಹಳ ಹಿಂದೆ ಬಿಟ್ಟ ‘ಅಲೆಕ್ಸ್‌ನೆಟ್’ ಎಂಬ ನರಜಾಲ ಸುಮಾರು 12 ಲಕ್ಷ ಚಿತ್ರಗಳಿಂದ ಕಲಿತಿತ್ತು, ಅದರಲ್ಲಿ ಸುಮಾರು 6 ಕೋಟಿ ತೂಕಗಳಿದ್ದವು.

ಪ್ರಶ್ನೆ: ಮನುಷ್ಯನ ಮಿದುಳು ಬೇಡ, ಯಾವುದಾದರೂ ಚಿಕ್ಕ ಜೀವಿಯ ನರಮಂಡಲವನ್ನಾದರೂ ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಕಟ್ಟಬಹುದಲ್ಲವೇ?

ಉತ್ತರ: ಇದಕ್ಕೆ ಒಂದು ಹುಳುವಿನ ಕಥೆಯೇ ಉತ್ತರ. ಸಿ. ಎಲಿಗನ್ಸ್ ಎಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇರುವುದು 302 ನರಕೋಶಗಳು. ಯಾವುದು ಯಾವುದಕ್ಕೆ ಜೋಡಿಸಿದೆ ಎಂಬ ನಕ್ಷೆ 1986ರಲ್ಲಿಯೇ ಪ್ರಕಟವಾಯಿತು. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ಎದುರು ಇದು ಏನೂ ಅಲ್ಲ. ಆದರೂ ಆ ಹುಳುವಿನ ಬದುಕನ್ನೆಲ್ಲ ನಿಷ್ಠೆಯಿಂದ ನಡೆಸಿ ತೋರಿಸುವ ಸಿಮ್ಯುಲೇಶನ್ ಇನ್ನೂ ಕೈಗೆ ಸಿಕ್ಕಿಲ್ಲ. ನಕ್ಷೆ ತಂತಿಯನ್ನು ತೋರಿಸುತ್ತದೆ, ಆ ತಂತಿಯ ತೂಕವನ್ನು ತೋರಿಸುವುದಿಲ್ಲ. ಒಂದು ಜೋಡಣೆ ಮುಂದಿನ ಕೋಶವನ್ನು ಕೆರಳಿಸುತ್ತದೋ ತಣಿಸುತ್ತದೋ ಎಂಬುದನ್ನೂ ಪೂರ್ತಿ ಹೇಳುವುದಿಲ್ಲ. ಜೊತೆಗೆ ತಂತಿಗಳನ್ನು ದಾಟಿ ಹರಡುವ ರಾಸಾಯನಿಕಗಳು ಇಡೀ ಜಾಲದ ನಡತೆಯನ್ನೇ ಮಾರ್ಪಡಿಸುತ್ತವೆ. ಮೇಲಿನ ಇಮೇಲ್ ಉದಾಹರಣೆಯಲ್ಲಿ ಕಲಿಕೆಯೆಲ್ಲ ತೂಕದಲ್ಲೇ ಇತ್ತು ಎಂಬುದನ್ನು ನೆನೆದರೆ, ತೂಕವಿಲ್ಲದ ನಕ್ಷೆಯಿಂದ ಏಕೆ ಕೆಲಸ ಸಾಗದು ಎಂಬುದು ತಿಳಿಯುತ್ತದೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಮಳೆಯಲ್ಲಿ ಯಾರೂ ನೆನೆಯುವುದಿಲ್ಲ. ಹಾಗಿರುವಾಗ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಬುದ್ಧಿಯನ್ನು ಬುದ್ಧಿ ಎನ್ನಬಹುದೇ?

ಉತ್ತರ: ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ 1980ರಲ್ಲಿ ಎತ್ತಿದ ಆಕ್ಷೇಪದ ಹೃದಯವೇ ಈ ಪ್ರಶ್ನೆ. ಚಿಹ್ನೆಗಳನ್ನು ನಿಯಮದಂತೆ ಅದಲುಬದಲು ಮಾಡುವುದು ಅರ್ಥ ಮಾಡಿಕೊಳ್ಳುವುದಲ್ಲ ಎಂಬುದು ಅವರ ವಾದ. ಇನ್ನೊಂದು ಕಡೆಯವರು ಹೇಳುವುದೂ ತೂಕದ ಮಾತೇ: ಕಂಪ್ಯೂಟರಿನೊಳಗಿನ ಮಳೆ ಒದ್ದೆ ಮಾಡುವುದಿಲ್ಲ ನಿಜ, ಆದರೆ ಕಂಪ್ಯೂಟರಿನೊಳಗಿನ ಕೂಡುವ ಲೆಕ್ಕ ನಿಜವಾದ ಲೆಕ್ಕವೇ. ಹಾಗಾಗಿ ಬುದ್ಧಿ ಎಂಬುದು ಮಳೆಯ ಜಾತಿಗೆ ಸೇರಿದ್ದೋ ಲೆಕ್ಕದ ಜಾತಿಗೆ ಸೇರಿದ್ದೋ ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಬುದ್ಧಿ ಒಂದೇ ವಸ್ತುವಲ್ಲ. ಚದುರಂಗದ ನಡೆಯನ್ನು ಆರಿಸುವುದು ಲೆಕ್ಕದ ಜಾತಿಯದು. 1997ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ‘ಡೀಪ್ ಬ್ಲೂ’ ಎಂಬ ಕಂಪ್ಯೂಟರ್ ಸೋಲಿಸಿದಾಗ ಆದ ಸೋಲು ಅನುಕರಣೆಯ ಸೋಲಲ್ಲ, ನಿಜವಾದ ಸೋಲು. ನೋವು, ಹಸಿವು, ಭಯ ಇವು ಮಳೆಯ ಜಾತಿಯವು ಎಂದು ನನಗೆ ತೋರುತ್ತದೆ. ಇನ್ನೊಬ್ಬರ ಮಾತನ್ನು ‘ಅರ್ಥ ಮಾಡಿಕೊಳ್ಳುವುದು’ ಇವೆರಡರ ನಡುವೆ ಎಲ್ಲಿದೆ ಎಂಬುದೇ ಇಂದಿನ ಜಗಳ. ಇಲ್ಲಿ ನಮ್ಮ ಅನಿಸಿಕೆಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಜೋಸೆಫ್ ವೈಝೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ನಮ್ಮ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಮಾಡುವ ಪುಟ್ಟ ಪ್ರೋಗ್ರಾಮ್ ಆಗಿತ್ತು. ಅದರ ಮುಂದೆಯೂ ಜನ ಮನಸ್ಸು ಬಿಚ್ಚಿ ಮಾತಾಡಿದ್ದರು.

ಪ್ರಶ್ನೆ: ಇದನ್ನು ಓದಲು ಯಾವ ಗಣಿತ ಬೇಕು?

ಉತ್ತರ: ರೇಖೀಯ ಬೀಜಗಣಿತ, ಸಂಭವನೀಯತೆ ಮತ್ತು ಕಲನಶಾಸ್ತ್ರದ ಆರಂಭದ ಭಾಗ. ಅದಕ್ಕೂ ಮೊದಲು, ಮೇಲಿನ ಇಮೇಲ್ ಲೆಕ್ಕವನ್ನು ತೂಕ 0 ಮತ್ತು 0 ಇಟ್ಟುಕೊಂಡು ಮತ್ತೆ ಮಾಡಿ; ಅದೇ ನಿಯಮಕ್ಕೆ ಬೇರೆ ಸಂಖ್ಯೆಗಳ ಮೂಲಕವೂ ತಲುಪಬಹುದು ಎಂಬುದು ನಿಮಗೇ ಕಾಣುತ್ತದೆ.