ಐದು ತಿಂಗಳ ಬಸುರಿಗೆ ವಸಡಿನ ಮೇಲೆ ಕೆಂಪು ಗಡ್ಡೆ: ಈಗಲೇ ತೆಗೆಸಬೇಕಾ?

ನಿಮ್ಮ ಹೆಂಡತಿಗೆ ಐದು ತಿಂಗಳು, ಮೇಲಿನ ಮುಂದಿನ ಹಲ್ಲುಗಳ ಸಂದಿಯಲ್ಲಿ ಕೆಂಪು ಗಡ್ಡೆ ಎದ್ದಿದೆ, ಬ್ರಷ್ ತಾಗಿದರೆ ಸಾಕು ರಕ್ತ, ಇದು ಕ್ಯಾನ್ಸರಾ ಎಂದು ಕೇಳಿದ್ದೀರಿ. ನಾನು ಹಲ್ಲಿನ ಡಾಕ್ಟರ್. ಬಾಯಿ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಬರೆದಿರುವುದೆಲ್ಲ ಪಯೋಜೆನಿಕ್ ಗ್ರಾನುಲೋಮಾ, ಅಂದರೆ ಕೆರಳಿದ ವಸಡಿನಿಂದ ಬೆಳೆಯುವ ಮೆತ್ತನೆಯ ಗಡ್ಡೆಯ ಲಕ್ಷಣ. ಬಸುರಿಯರಲ್ಲಿ ಇದು ಅಪರೂಪವೇನಲ್ಲ. ಕ್ಯಾನ್ಸರ್ ಅಲ್ಲ, ಮಗುವಿಗೂ ಇದರಿಂದ ತೊಂದರೆಯಿಲ್ಲ.

ಹಲ್ಲಿನ ಬುಡದಲ್ಲಿ ಕೂತ ಪಾಚಿ ವಸಡನ್ನು ಕೆರಳಿಸುತ್ತದೆ, ಬಸುರಿನ ಹಾರ್ಮೋನುಗಳು ಅದಕ್ಕೆ ತುಪ್ಪ ಸುರಿಯುತ್ತವೆ. ಗಡ್ಡೆಯ ತುಂಬ ಎಳೆಯ ರಕ್ತನಾಳಗಳೇ ಇರುವುದರಿಂದ ಮುಟ್ಟಿದರೆ ರಕ್ತ. ರಕ್ತ ಬರುತ್ತದೆಂದು ಹೆದರಿ ಆ ಜಾಗ ಬಿಟ್ಟು ಬ್ರಷ್ ಮಾಡುತ್ತಾರೆ, ಪಾಚಿ ಇನ್ನಷ್ಟು ಕೂರುತ್ತದೆ, ಗಡ್ಡೆ ಇನ್ನಷ್ಟು ಬೆಳೆಯುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ಅಲ್ಲೂ ಉಜ್ಜಲಿ.

ವಸಡಿನ ಗಡ್ಡೆಗಳೆಲ್ಲ ಒಂದೇ ಅಲ್ಲ. ಪಕ್ಕದ ಹಲ್ಲು ಹುಳುಕಾಗಿದ್ದರೆ ಅದು ಬೇರಿನಿಂದ ಬಂದ ಕೀವುಗುಳ್ಳೆ ಇರಬಹುದು. ಆಗ ಚಿಕಿತ್ಸೆ ಹಲ್ಲಿಗೆ. ನೇರಳೆ ಬಣ್ಣವಿದ್ದರೆ ಜಯಂಟ್ ಸೆಲ್ ಗ್ರಾನುಲೋಮಾ ಎಂಬ, ಕ್ಯಾನ್ಸರ್ ಅಲ್ಲದ ಇನ್ನೊಂದು ಗಡ್ಡೆಯ ಅನುಮಾನ. ಅದು ಕೆಳಗಿನ ಮೂಳೆಯನ್ನೂ ಸವೆಸಬಲ್ಲದು. ಗುಲಾಬಿ ಬಣ್ಣದ ಗಟ್ಟಿ ಗಂಟಾದರೆ ಫೈಬ್ರೋಮಾ, ಅಂದರೆ ನಾರಿನಂಶದ ನಿರಪಾಯದ ಗಂಟು ಇರಬಹುದು. ಬೇಕೆನಿಸಿದರೆ ಸೀಸದ ಏಪ್ರನ್ ಹಾಕಿ ಒಂದು ಸಣ್ಣ ಎಕ್ಸ್‌ರೇ ತೆಗೆಯುತ್ತಾರೆ, ಅದಕ್ಕೆ ಹೆದರಬೇಡಿ.

ಈಗ ಮಾಡಿಸಬೇಕಾದದ್ದು ಕ್ಲೀನಿಂಗ್. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯ ಹಿರಿಯರು ತಡೆಯಬಹುದು, ಅದು ಸುಳ್ಳು. ನಾಲ್ಕರಿಂದ ಆರನೇ ತಿಂಗಳು ಇದಕ್ಕೆ ಅನುಕೂಲದ ಸಮಯ. ಕತ್ತರಿಸುವ ಆತುರ ಬೇಡ: ಹೆರಿಗೆಯ ನಂತರ ಎಷ್ಟೋ ಗಡ್ಡೆಗಳು ತಾವಾಗಿಯೇ ಕುಗ್ಗುತ್ತವೆ, ಬಸುರಿನಲ್ಲಿ ತೆಗೆದರೆ ಮತ್ತೆ ಬೆಳೆಯುವುದೂ ಹೆಚ್ಚು. ಊಟಕ್ಕೆ ಅಡ್ಡ ಬಂದರೆ, ಪದೇಪದೇ ರಕ್ತ ಸುರಿದರೆ ಮಾತ್ರ ಕಾಯಬಾರದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೂಳೆಯ ಪೊರೆಯವರೆಗೂ ಬುಡಸಮೇತ ತೆಗೆಯುತ್ತಾರೆ. ತೆಗೆದ ತುಂಡು ಬಯಾಪ್ಸಿಗೆ ಹೋಗಲೇಬೇಕು. ಕಳಿಸಿದರಾ ಎಂದು ನೀವೇ ಕೇಳಿ, ಸಂಕೋಚ ಬೇಡ.

ಎರಡು ವಾರವಾದರೂ ಮಾಯದ ಹುಣ್ಣು, ಅಲುಗಾಡುವ ಹಲ್ಲು, ತುಟಿ ಜೋಮು, ಕುತ್ತಿಗೆಯಲ್ಲಿ ಗಂಟು: ಇವುಗಳಲ್ಲಿ ಒಂದು ಕಂಡರೂ ಹೆರಿಗೆಯಾಗಲಿ ಎಂದು ಕೂರಬೇಡಿ.

ರಾತ್ರಿ ರಕ್ತ ಬಂದರೆ ಪದೇಪದೇ ಬಾಯಿ ಮುಕ್ಕಳಿಸಬೇಡಿ. ಶುದ್ಧ ಒದ್ದೆ ಬಟ್ಟೆ ಮಡಚಿ ಹದಿನೈದು ನಿಮಿಷ ಬಿಗಿಯಾಗಿ ಒತ್ತಿ, ನಡುವೆ ತೆಗೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.