ಪ್ರತಿಕ್ರಿಯೆ: ಫ್ಯಾಮಿಲಿ ಫೌಂಡೇಶನ್ ನಮ್ಮ ಸಂಘದ ಅರ್ಜಿ ವಾಪಸ್ ಕಳಿಸಿದೆ, ಏನು ಮಾಡುವುದು?

ಧನಸಹಾಯ ಕೇಳಿದ ಅರ್ಜಿ ವಾಪಸ್ ಬರಲು, ಮುಂಬೈ ಹತ್ತಿರದ ನಿಮ್ಮ ಡೊಂಬಿವಲಿ ಕನ್ನಡ ಸಂಘಕ್ಕೆ 12ಎ ಎಂದು ಕರೆಯುವ ನೋಂದಣಿ (ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಇಲ್ಲದಿರುವುದೇ ಬಹುಶಃ ಕಾರಣ. ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಣಿ ಆಗಿದೆ ಎಂದು ಬರೆದಿದ್ದೀರಿ. ಅದು ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯದು. 12ಎ ಆದಾಯ ತೆರಿಗೆ ಇಲಾಖೆಯದು. ಹಣ ಕೊಡುವ ಫೌಂಡೇಶನ್ ಕೂಡ ಸಾಮಾನ್ಯವಾಗಿ ಒಂದು ಟ್ರಸ್ಟೇ. 12ಎ ಇಲ್ಲದವರಿಗೆ ಕೊಟ್ಟರೆ ಫೌಂಡೇಶನ್‌ನ ತೆರಿಗೆ ಲೆಕ್ಕಕ್ಕೆ ತೊಂದರೆ ಆಗಬಹುದು. ಪತ್ರದಲ್ಲಿ ಅವರು ಕಾರಣ ಹೇಳಿಲ್ಲವಾದ್ದರಿಂದ ಮೊದಲು ಫೋನ್ ಮಾಡಿ ಕೇಳಿಬಿಡಿ.

ಅದೇ ಆಗಿದ್ದರೆ ಸಂಘದ ಪ್ಯಾನ್, ನಿಯಮಾವಳಿ, ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ ಹಿಡಿದು ಸಿಎ ಹತ್ತಿರ ಹೋಗಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿಗೂ ಜೊತೆಗೇ ಅರ್ಜಿ ಹಾಕಿಸಿ. ಸಿಎಸ್‌ಆರ್-1 ಎಂಬ ನೋಂದಣಿ ಫಾರಂ ಈಗ ಬೇಡ, ಅದು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ.

ಆಮೇಲೆ ಅರ್ಜಿ ತಿದ್ದಿ. ಮಕ್ಕಳ ಯಕ್ಷಗಾನ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪ್ರವಾಸ, ಹಿರಿಯರ ಯೋಗ ಎಲ್ಲವನ್ನೂ ಒಂದರಲ್ಲೇ ತುರುಕಿದ್ದೀರಿ. ಕಲೆ, ಪ್ರಕೃತಿ, ಆರೋಗ್ಯ ಮೂರಕ್ಕೂ ಕೊಡುತ್ತಾರೆ ಅಂತ ಮೂರನ್ನೂ ಕೇಳಬೇಕಿಲ್ಲ, ಅಲ್ವಾ? ಯಕ್ಷಗಾನ ಒಂದನ್ನೇ ಹಿಡಿಯಿರಿ. ಮುಂಬೈ ಕಡೆ ಹುಟ್ಟಿ ಬೆಳೆದ ಮಕ್ಕಳು ಕನ್ನಡದಲ್ಲಿ ಅರ್ಥ (ಯಕ್ಷಗಾನದ ಪಾತ್ರದ ಮಾತು) ಹೇಳಲು ಕಲಿಯುತ್ತಿದ್ದಾರೆ. ಇದಕ್ಕಿಂತ ದೊಡ್ಡ ಬಲ ನಿಮಗೆ ಬೇಡ. ಮೊದಲ ಪ್ಯಾರಾದಲ್ಲೇ ಅದನ್ನು ಬರೆಯಿರಿ. ಗುರುಗಳ ಸಂಭಾವನೆ, ಚೆಂಡೆ-ಮದ್ದಳೆ, ವೇಷದ ಬಾಡಿಗೆ, ಹಾಲ್ ಬಾಡಿಗೆ ಬೇರೆ ಬೇರೆ ತೋರಿಸಿ. ವಾರ್ಷಿಕೋತ್ಸವದ ಊಟ, ಶಾಲು, ಹಾರದ ಖರ್ಚು ತೆಗೆದುಹಾಕಿ.

12ಎ ಬರುವವರೆಗೆ ಕಾಯಲಾಗದಿದ್ದರೆ, ಅದು ಇರುವ ಹತ್ತಿರದ ಕನ್ನಡ ಸಂಘದ ಮೂಲಕ ಅರ್ಜಿ ಹಾಕಬಹುದೇ ಎಂದು ಅದೇ ಫೋನಿನಲ್ಲಿ ಕೇಳಿ.